ಹೊಸ್ತಿಲು ದಾಟಿ ಬಂದ ದಾದಿ

ನ್ಯೂಯಾರ್ಕ್ ರಾಜ್ಯದ ದಕ್ಷಿಣದಂಚಿನಲ್ಲಿ, ಚೆಮಂಗ್ ನದಿಯ ದಡದ ಮೇಲೆ ಎಲ್ಮೈರಾ ಎಂಬ ಪಟ್ಟಣವುಂಟು. ಅದು ಮಾರ್ಕ್ ಟ್ವೇನನ ಹೆಂಡತಿಯ ತವರೂರು. ಆತನು ತನ್ನ ಎಷ್ಟೋ ಬೇಸಿಗೆಗಳನ್ನು ಅಲ್ಲಿ ಬರವಣಿಗೆಯಲ್ಲಿ ಕಳೆದು, ಕಡೆಗೆ ಅಲ್ಲಿಯ ಮಣ್ಣಿನಲ್ಲಿಯೇ ಚಿರನಿದ್ರೆಗೆ ಸಂದನೆಂಬ ಕಾರಣದಿಂದ ಸಾಹಿತ್ಯಾಸಕ್ತರು ಆ ಊರಿನ ಹೆಸರನ್ನು ಬಲ್ಲರು. ಆದರೆ ಕಳೆದ ನಾಲ್ಕು ದಶಕಗಳಿಂದ ಆ ಹೆಸರು ವೈದ್ಯರ, ಸಮಾಜಶಾಸ್ತ್ರಜ್ಞರ ಮತ್ತು ಆಡಳಿತಗಾರರ ಬಾಯಲ್ಲಿ ನೆಲೆಸಿರುವುದು ಬೇರೊಂದು ನಿಮಿತ್ತದಿಂದ. 1972ರಲ್ಲಿ ಆಗ್ನೆಸ್ ಎಂಬ ಚಂಡಮಾರುತ ಬೀಸಿ, ನದಿ ಉಕ್ಕಿ, ಪಟ್ಟಣದ ಬಹುಭಾಗ ನೀರಿನಲ್ಲಿ ಮುಳುಗಿತು. ಮೊದಲೇ ಕ್ಷೀಣಿಸುತ್ತಿದ್ದ ಉದ್ಯೋಗ ವ್ಯಾಪಾರಗಳು ಆ ಪೆಟ್ಟಿನಿಂದ ಚೇತರಿಸಿಕೊಳ್ಳಲಾರದೆ ಹೋದುವು. 1980ರ ವೇಳೆಗೆ ಎಲ್ಮೈರಾ ಪ್ರದೇಶವು ಆರ್ಥಿಕ ಸ್ಥಿತಿಯಲ್ಲಿ ಇಡೀ ದೇಶದ ನಗರಪ್ರದೇಶಗಳ ಸಾಲಿನಲ್ಲಿ ಕಟ್ಟಕಡೆಗೆ ಇಳಿದಿದ್ದಿತು. ಮಕ್ಕಳ ಮೇಲಿನ ಹಿಂಸೆ ಮತ್ತು ಮಕ್ಕಳ ವಿಷಯದಲ್ಲಿ ತಂದೆತಾಯಿಗಳ ಅಲಕ್ಷ್ಯ ಇವುಗಳ ಪ್ರಮಾಣದಲ್ಲಿ ಮಾತ್ರ ರಾಜ್ಯದಲ್ಲಿಯೇ ಮುಂದಿದ್ದಿತು. ಇಂತಹ ಊರಿನಲ್ಲಿ, ಚೆಮಂಗ್ ಕೌಂಟಿಯ ಆ ಬಡ ಬೀದಿಗಳಲ್ಲಿ, 1977ರಲ್ಲಿ ಆರಂಭವಾದ ಒಂದು ಪ್ರಯೋಗವು ಮುಂದೆ ನೂರಾರು ಕೌಂಟಿಗಳ ಆರೋಗ್ಯ ಕಾರ್ಯಕ್ರಮಗಳಿಗೆ ಮಾದರಿಯಾಯಿತು.

ಆ ಪ್ರಯೋಗದ ಕರ್ತೃ ಡೇವಿಡ್ ಓಲ್ಡ್ಸ್. ಆತನು ತಾರುಣ್ಯದಲ್ಲಿ ಬಾಲ್ಟಿಮೋರ್ ನಗರದ ಬಡವರ ಕೇರಿಯೊಂದರ ಶಿಶುವಿಹಾರದಲ್ಲಿ ಕೆಲಸ ಮಾಡಿದ್ದನು. ನಾಲ್ಕು ವರ್ಷದ ಮಗು ಶಿಶುವಿಹಾರಕ್ಕೆ ಬರುವ ಹೊತ್ತಿಗೆ ಅದರ ಬಾಳಿನ ಮೇಲೆ ಆಗಬೇಕಾದ ಕೇಡು ಎಷ್ಟೋ ಸಲ ಆಗಿಯೇ ಹೋಗಿರುತ್ತದೆ. ತಾಯಿಯ ಗರ್ಭದಲ್ಲಿರುವಾಗಲೇ ತಂಬಾಕಿನ ಹೊಗೆ, ಮದ್ಯ, ಅಪೌಷ್ಟಿಕತೆಗಳಿಂದ ನೊಂದು, ಹುಟ್ಟಿದ ಮೇಲೆ ಹೊಡೆತವನ್ನೋ ನಿರಾದರವನ್ನೋ ಉಂಡ ಕೂಸಿಗೆ ಆಟಿಕೆಯನ್ನೂ ಅಕ್ಷರವನ್ನೂ ಕೊಟ್ಟು ಸರಿಪಡಿಸುತ್ತೇವೆಂಬುದು ತಡವಾದ ಚಿಕಿತ್ಸೆ, ಎಂಬ ಅರಿವು ಆತನಿಗೆ ಅಲ್ಲಿ ದೊರೆಯಿತು. ಹಾಗಾದರೆ ಎಲ್ಲಿಂದ ಪ್ರಾರಂಭಿಸಬೇಕು? ಮಗು ಹುಟ್ಟುವುದಕ್ಕಿಂತ ಮುಂಚೆ, ತಾಯಿಯ ಮನೆಯಿಂದ. ಅಲ್ಲಿಗೆ ಯಾರು ಹೋಗಬೇಕು? ತರಬೇತಿ ಹೊಂದಿದ ದಾದಿ. ಏಕೆಂದರೆ ಮೊದಲ ಬಸುರಿಯ ಮನಸ್ಸಿನಲ್ಲಿ ಏಳುವ ಭಯಗಳೆಲ್ಲವೂ ದೇಹಕ್ಕೆ ಸಂಬಂಧಿಸಿದವು. ಅವಕ್ಕೆ ಉತ್ತರ ಹೇಳಬಲ್ಲವಳ ಮಾತಿಗೆ ಉಳಿದ ವಿಷಯಗಳಲ್ಲಿಯೂ ಬೆಲೆ ಬರುತ್ತದೆ.

ಚೊಚ್ಚಲ ಬಸುರಿಯರಾದ 400 ಮಂದಿ ಹೆಂಗಸರು ಪ್ರಯೋಗಕ್ಕೆ ಒಪ್ಪಿದರು. ಅವರಲ್ಲಿ ಬಹುಪಾಲು ಮಂದಿ ಹತ್ತೊಂಬತ್ತು ತುಂಬದ ಹುಡುಗಿಯರು, ಇಲ್ಲವೆ ಮದುವೆಯಾಗದವರು, ಇಲ್ಲವೆ ಕಡುಬಡವರು. ಚೀಟಿ ಎತ್ತಿದಂತೆ, ಯಾರ ಇಚ್ಛೆಗೂ ಎಡೆಯಿಲ್ಲದ ಕ್ರಮದಲ್ಲಿ ಅವರನ್ನು ಗುಂಪುಗಳಾಗಿ ವಿಂಗಡಿಸಿದರು. ಕೆಲವರಿಗೆ ಮಗುವಿನ ಬೆಳವಣಿಗೆಯ ತಪಾಸಣೆ ಮಾತ್ರ. ಕೆಲವರಿಗೆ ಅದರೊಂದಿಗೆ ವೈದ್ಯರಲ್ಲಿಗೆ ಹೋಗಿಬರಲು ಉಚಿತ ವಾಹನ. ಕೆಲವರಿಗೆ ಗರ್ಭಾವಸ್ಥೆಯಲ್ಲಿ ದಾದಿಯ ಭೇಟಿ. ಉಳಿದವರಿಗೆ ಮಗುವಿಗೆ ಎರಡು ವರ್ಷ ತುಂಬುವವರೆಗೂ ಆ ಭೇಟಿ. ಗರ್ಭಾವಸ್ಥೆಯಲ್ಲಿ ಸರಾಸರಿ ಒಂಬತ್ತು, ಹೆರಿಗೆಯ ಅನಂತರ ಸರಾಸರಿ ಇಪ್ಪತ್ತಮೂರು ಸಲ ದಾದಿಯು ಆ ಮನೆಗಳ ಬಾಗಿಲು ತಟ್ಟಿದಳು.

ಒಂದೊಂದು ಭೇಟಿಯೂ ಒಂದು ಗಂಟೆಗೆ ಮೀರಿದ್ದು. ಈ ಗಂಟೆಯಲ್ಲಿ ಏನು ನಡೆಯುತ್ತಿದ್ದಿತೆಂಬುದನ್ನು ಸ್ವಲ್ಪ ನಿಂತು ನೋಡುವುದು ಯುಕ್ತ, ಏಕೆಂದರೆ ಪ್ರಯೋಗದ ಸತ್ತ್ವವೆಲ್ಲ ಅಲ್ಲಿಯೇ ಇದೆ. ದಾದಿ ಬರುತ್ತಾಳೆ, ಕುಳಿತುಕೊಳ್ಳುತ್ತಾಳೆ. ನಿನ್ನೆ ಏನು ಉಂಡೆ ಎಂದು ಕೇಳುತ್ತಾಳೆ. ತೂಕ ಎಷ್ಟು ಏರಿತು, ಕಾಲು ಊದಿಕೊಂಡಿದೆಯೇ, ತಲೆನೋವು ಬರುತ್ತದೆಯೇ, ದಿನಕ್ಕೆ ಎಷ್ಟು ಸಿಗರೇಟು ಸೇದುತ್ತೀಯೆ ಎಂದು ವಿಚಾರಿಸುತ್ತಾಳೆ. ಉತ್ತರವನ್ನು ಕೇಳಿ ಗದರುವುದಿಲ್ಲ, ಮುಂದಿನ ವಾರದೊಳಗೆ ಒಂದನ್ನು ಕಡಮೆ ಮಾಡಲಾದೀತೆ ಎನ್ನುತ್ತಾಳೆ. ಹುಡುಗಿಯ ತಾಯಿಯೋ ಗೆಳತಿಯೋ ಮಗುವಿನ ತಂದೆಯೋ ಮನೆಯಲ್ಲಿದ್ದರೆ ಅವರನ್ನೂ ಹತ್ತಿರಕ್ಕೆ ಕರೆದು ಮಾತಿಗೆ ಎಳೆಯುತ್ತಾಳೆ, ಏಕೆಂದರೆ ತಾನು ಎದ್ದುಹೋದ ಮೇಲೆ ಆ ಮನೆಯಲ್ಲಿ ಉಳಿಯುವವರು ಅವರೇ. ಕೂಸು ಹುಟ್ಟಿದ ಮೇಲೆ ಅದರ ಅಳುವಿನಲ್ಲಿ ಹಸಿವಿನದು ಯಾವುದು, ನಿದ್ರೆಯದು ಯಾವುದು, ನೋವಿನದು ಯಾವುದೆಂಬುದನ್ನು ತಾಯಿಯ ಪಕ್ಕದಲ್ಲಿ ಕುಳಿತು ಗುರುತಿಸಲು ಕಲಿಸುತ್ತಾಳೆ. ಅಳುವ ಮಗುವು ತಾಯಿಯನ್ನು ಪೀಡಿಸಲೆಂದೇ ಅಳುತ್ತಿಲ್ಲವೆಂಬ ಈ ಒಂದು ತಿಳಿವಳಿಕೆಯಿಂದ ಎಷ್ಟು ಹೊಡೆತಗಳು ತಪ್ಪಿದುವೋ ಲೆಕ್ಕವಿಡುವುದು ಅಸಾಧ್ಯ. ಕಡೆಯದಾಗಿ ತಾಯಿಯ ಸ್ವಂತ ಬಾಳಿನ ಮಾತು: ಬಿಟ್ಟ ಓದನ್ನು ಮತ್ತೆ ಹಿಡಿಯುತ್ತೀಯಾ, ಕೆಲಸಕ್ಕೆ ಸೇರುತ್ತೀಯಾ, ಎರಡನೆಯ ಮಗು ಯಾವಾಗ ಬೇಕೆಂದು ಯೋಚಿಸಿದ್ದೀಯಾ?

ಫಲವೇನಾಯಿತು? ದಾದಿ ಭೇಟಿಯಿತ್ತ ಎಳೆಯ ಹುಡುಗಿಯರ ಕೂಸುಗಳು ದಾದಿಯ ಭೇಟಿಯಿಲ್ಲದ ಹೋಲಿಕೆಯ ಗುಂಪಿನ ಅಂತಹ ಹುಡುಗಿಯರ ಕೂಸುಗಳಿಗಿಂತ ಸರಾಸರಿ 395 ಗ್ರಾಂ ಹೆಚ್ಚು ತೂಗಿದುವು. ಧೂಮಪಾನದ ಅಭ್ಯಾಸವುಳ್ಳವರಲ್ಲಿ ಅಕಾಲಪ್ರಸವಗಳು ನೂರಕ್ಕೆ ಎಪ್ಪತ್ತೈದರಷ್ಟು ಇಳಿದುವು. ಇದಕ್ಕಿಂತ ಹಿರಿದಾದ ಫಲ ಹದಿನೈದು ವರ್ಷಗಳ ಮೇಲೆ ಕಾಣಿಸಿತು. ಮಗುವಿಗೆ ಎರಡು ವರ್ಷವಾದಾಗ ದಾದಿಯ ಭೇಟಿ ನಿಂತುಹೋಗಿತ್ತಷ್ಟೆ. ಆದರೂ ಮಕ್ಕಳಿಗೆ ಹದಿನೈದು ತುಂಬುವ ವೇಳೆಗೆ ಲೆಕ್ಕ ತೆಗೆದಾಗ, ಆ ಮನೆಗಳಲ್ಲಿ ಶಿಶುಹಿಂಸೆಯ ಮತ್ತು ಅಲಕ್ಷ್ಯದ ದೃಢಪಟ್ಟ ಪ್ರಕರಣಗಳು ಹೋಲಿಕೆಯ ಗುಂಪಿನ ಹೆಚ್ಚುಕಡಮೆ ಅರ್ಧಕ್ಕೆ ಇಳಿದಿದ್ದುವು. ಮದುವೆಯಾಗದ ಬಡ ತಾಯಂದಿರು ಸರಕಾರದ ಸಹಾಯಧನದ ಮೇಲೆ ಬದುಕಿದ ಕಾಲ 90 ತಿಂಗಳಿನಿಂದ 60 ತಿಂಗಳಿಗೆ ಇಳಿದಿದ್ದಿತು. ರ್‍ಯಾಂಡ್ ಎಂಬ ಸಂಶೋಧನಾ ಸಂಸ್ಥೆಯವರು 1998ರಲ್ಲಿ ಲೆಕ್ಕ ಹಾಕಿ, ಅತ್ಯಂತ ಕಷ್ಟದಲ್ಲಿದ್ದ ಕುಟುಂಬಗಳಿಗೆ ಮಾಡಿದ ವೆಚ್ಚದ ಸುಮಾರು ನಾಲ್ಕು ಪಾಲು ಸರಕಾರಕ್ಕೆ ಉಳಿತಾಯವಾಗಿ ಹಿಂದಿರುಗಿತೆಂದು ತೋರಿಸಿದರು. ಅಷ್ಟು ಕಷ್ಟದಲ್ಲಿಲ್ಲದ ಕುಟುಂಬಗಳ ವಿಷಯದಲ್ಲಿ ಉಳಿತಾಯವು ವೆಚ್ಚವನ್ನು ಮುಟ್ಟಲಿಲ್ಲವೆಂಬುದನ್ನೂ ಅವರು ಮುಚ್ಚಿಡಲಿಲ್ಲ.

ಓಲ್ಡ್ಸನ ವಿಷಯದಲ್ಲಿ ನನಗೆ ಗೌರವ ಹುಟ್ಟುವುದು ಈ ಯಶಸ್ಸಿಗಿಂತ ಹೆಚ್ಚಾಗಿ ಆತನ ತಾಳ್ಮೆಗಾಗಿ. ಎಲ್ಮೈರಾದಲ್ಲಿ ಪ್ರಯೋಗಕ್ಕೆ ಬಂದವರಲ್ಲಿ ಹೆಚ್ಚಿನವರು ಬಿಳಿಯರು. ಕರಿಯ ಜನಾಂಗದ ತಾಯಂದಿರಲ್ಲಿ ಇದು ಫಲಿಸೀತೆಂಬುದಕ್ಕೆ ಪ್ರಮಾಣವೇನೆಂದು ತನ್ನನ್ನು ತಾನೇ ಕೇಳಿಕೊಂಡು, 1988ರಲ್ಲಿ ಮೆಂಫಿಸ್ ನಗರದಲ್ಲಿ 1,138 ಮಂದಿಯೊಡನೆ ಎರಡನೆಯ ಪರೀಕ್ಷೆಯನ್ನು ಆರಂಭಿಸಿದನು. ಆ ಮಕ್ಕಳಿಗೆ ಇಪ್ಪತ್ತು ವರ್ಷವಾಗುವ ವೇಳೆಗೆ, ತಡೆಯಬಹುದಾಗಿದ್ದ ಕಾರಣಗಳಿಂದ ಮಡಿದವರು ಹೋಲಿಕೆಯ ಗುಂಪಿನಲ್ಲಿ ನೂರಕ್ಕೆ 1.6; ಎರಡು ವರ್ಷ ತುಂಬುವವರೆಗೂ ದಾದಿ ಹೋಗಿಬಂದ ಮನೆಗಳಲ್ಲಿ ಒಂದು ಮಗುವೂ ಹಾಗೆ ಮಡಿದಿರಲಿಲ್ಲ. ದಾದಿಗೆ ಬದಲಾಗಿ ಸಾಮಾನ್ಯ ತರಬೇತಿಯ ಕಾರ್ಯಕರ್ತೆಯನ್ನು ಕಳುಹಿಸಿದರೆ ಸಾಲದೆ ಎಂಬ ಪ್ರಶ್ನೆಯನ್ನು 1994ರಲ್ಲಿ ಡೆನ್ವರ್ ನಗರದಲ್ಲಿ ಪರೀಕ್ಷಿಸಿದನು; ದಾದಿಯರಿಂದ ದೊರೆತ ಫಲವೇ ಹೆಚ್ಚಿನದೆಂದು ಕಂಡುಬಂದಿತು. ಮೆಂಫಿಸಿನ ಪರೀಕ್ಷೆಯಾಗುವವರೆಗೆ ಈ ಕ್ರಮವನ್ನು ಇತರ ಊರುಗಳಿಗೆ ಹಬ್ಬಿಸಲು ಆತನು ಒಪ್ಪಿರಲಿಲ್ಲ. ಮನೆಯಲ್ಲಿ ಹೆಂಗಸಿನ ಮೇಲೆ ಸಂಗಾತಿಯ ಹೊಡೆತಬಡಿತ ಮಿತಿಮೀರಿದ್ದರೆ ದಾದಿಯ ಭೇಟಿಯಿಂದ ಶಿಶುಹಿಂಸೆ ತಗ್ಗುವುದಿಲ್ಲವೆಂಬ ಕಹಿಸತ್ಯವನ್ನು ಪ್ರಕಟಿಸಿದವರೂ ಅವನ ಬಳಗದವರೇ. ಇಂಗ್ಲೆಂಡಿನವರು 2007ರಿಂದ ಈ ಕ್ರಮವನ್ನು ಅನುಸರಿಸಿ, ಹದಿಹರೆಯದ ತಾಯಂದಿರಲ್ಲಿ ಪರೀಕ್ಷಿಸಿ, 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿದಾಗ, ಧೂಮಪಾನದಲ್ಲಾಗಲಿ ಶಿಶುವಿನ ತೂಕದಲ್ಲಾಗಲಿ ಗಣನೀಯವಾದ ಭೇದ ಕಾಣಲಿಲ್ಲ. ಅಲ್ಲಿ ಪ್ರತಿ ಬಾಣಂತಿಯ ಮನೆಗೂ ಸೂಲಗಿತ್ತಿಯೂ ಆರೋಗ್ಯ ಸಂದರ್ಶಕಿಯೂ ಸರಕಾರದ ವತಿಯಿಂದ ಮೊದಲೇ ಹೋಗಿಬರುತ್ತಿದ್ದುದು ಇದಕ್ಕೆ ಒಂದು ಕಾರಣವಾಗಿರಬೇಕು. ಏನೂ ಇಲ್ಲದ ಕಡೆ ಬಂದ ನೆರವಿನ ಫಲ ಕಣ್ಣಿಗೆ ಬೀಳುತ್ತದೆ.

ಇಲ್ಲಿ ಕೌಂಟಿಯೆಂಬುದರ ಸ್ವರೂಪವನ್ನು ಹೇಳಬೇಕು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ರಾಜ್ಯದ ಕೆಳಗೆ ಇರುವ ಈ ಆಡಳಿತ ವಿಭಾಗಗಳು ಮೂರು ಸಾವಿರಕ್ಕೂ ಹೆಚ್ಚು. ವಿಸ್ತಾರದಲ್ಲಿ ನಮ್ಮ ಜಿಲ್ಲೆ ತಾಲ್ಲೂಕುಗಳನ್ನು ಹೋಲುವ ಇವಕ್ಕೆ ಬಹುತೇಕ ಕಡೆಗಳಲ್ಲಿ ಜನರೇ ಚುನಾಯಿಸಿದ ಮಂಡಲಿಯೂ, ಆಸ್ತಿಯ ಮೇಲೆ ತೆರಿಗೆ ಹಾಕುವ ಅಧಿಕಾರವೂ, ಸ್ವಂತ ಆರೋಗ್ಯ ಇಲಾಖೆಯೂ ಉಂಟು. ಆ ಇಲಾಖೆಗಳು ಹುಟ್ಟಿದುದು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ. ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ ವಿಷಮಶೀತಜ್ವರ ಹಬ್ಬಿದಾಗ, ಕೇಂದ್ರ ಸರಕಾರದ ಆರೋಗ್ಯ ಸೇವೆಯ ಡಾಕ್ಟರ್ ಲಮ್ಸ್‌ಡೆನ್ ಎಂಬಾತನು ಪಾಯಿಖಾನೆ, ಬಾವಿ, ನೊಣಗಳ ಜಾಡು ಹಿಡಿದು ಕಾರಣವನ್ನು ಕಂಡನು. ಆತನ ಸಲಹೆಯ ಮೇರೆಗೆ 1911ರಲ್ಲಿ ಆ ಕೌಂಟಿಯು ಪೂರ್ಣಕಾಲದ ಆರೋಗ್ಯ ಇಲಾಖೆಯನ್ನು ಸ್ಥಾಪಿಸಿತು. ಅದೇ ವೇಳೆಯಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಕೊಕ್ಕೆಹುಳುವಿನ ಬಾಧೆಯನ್ನು ನಿವಾರಿಸಲು ರಾಕ್‌ಫೆಲರ್ ಧನದಿಂದ ನಡೆದ ಆಂದೋಲನವು ಕೌಂಟಿ ಕೌಂಟಿಗಳಲ್ಲಿ ಇಂತಹ ಇಲಾಖೆಗಳಿಗೆ ಬೀಜ ಬಿತ್ತಿತು. ಆ ಬೀಜದ ಒಂದು ಕಾಳು ನಮ್ಮ ನಾಡಿಗೂ ಬಂದುಬಿದ್ದಿತೆಂಬುದನ್ನು ನಾವು ಮರೆತೇಬಿಟ್ಟಿದ್ದೇವೆ: ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸಂಸ್ಥಾನವು ಮಂಡ್ಯದಲ್ಲಿಯೂ, ಅನಂತರ ಈಗ ರಾಮನಗರವೆನಿಸಿರುವ ಕ್ಲೋಸ್‌ಪೇಟೆಯಲ್ಲಿಯೂ ಸ್ಥಾಪಿಸಿದ ಗ್ರಾಮಾರೋಗ್ಯ ಘಟಕಗಳ ಹಿಂದೆ ಈ ಕೌಂಟಿ ಇಲಾಖೆಗಳ ಕಲ್ಪನೆಯೇ ಇದ್ದಿತು.

ಇನ್ನು ಉತ್ತರ ಕೆರೊಲಿನಾ ರಾಜ್ಯದ ಡರ್ಹ್ಯಾಮ್ ಕೌಂಟಿ. ಎಲ್ಮೈರಾದ ಕ್ರಮವು ಮುಖ್ಯವಾಗಿ ಬಡವರಿಗಾಗಿ, ಅದರಲ್ಲಿಯೂ ಚೊಚ್ಚಲ ತಾಯಂದಿರಿಗಾಗಿ ಇದ್ದುದರಿಂದ, ದಾದಿಯ ವಾಹನ ಮನೆಯ ಮುಂದೆ ನಿಂತರೆ ನೆರೆಯವರು ಏನೆಂದುಕೊಂಡಾರೋ ಎಂಬ ಸಂಕೋಚಕ್ಕೆ ಎಡೆಯಿದ್ದಿತು. ಡ್ಯೂಕ್ ವಿಶ್ವವಿದ್ಯಾನಿಲಯದ ಕೆನೆತ್ ಡಾಜ್ ಮತ್ತು ಅವನ ಸಂಗಡಿಗರು ಬೇರೆ ದಾರಿ ಹಿಡಿದರು. ಸಿರಿವಂತನ ಮನೆಯಾಗಲಿ ಕೂಲಿಯವನ ಮನೆಯಾಗಲಿ, ಕೌಂಟಿಯಲ್ಲಿ ಹುಟ್ಟಿದ ಪ್ರತಿಯೊಂದು ಮಗುವಿನ ಮನೆಗೂ ದಾದಿ ಹೋಗತಕ್ಕದ್ದು; ಆದರೆ ವರ್ಷಗಟ್ಟಲೆ ಅಲ್ಲ, ಮಗುವಿಗೆ ಮೂರು ವಾರವಾದಾಗ ಒಂದು ಸಲ, ಅಗತ್ಯ ಬಿದ್ದರೆ ಇನ್ನೆರಡು ಸಲ. ಕೂಸಿನ ತೂಕವನ್ನೂ ತಾಯಿಯ ರಕ್ತದೊತ್ತಡವನ್ನೂ ನೋಡಿ, ಮನೆಯ ಸ್ಥಿತಿಯನ್ನು ಹನ್ನೆರಡು ಬಾಬುಗಳಲ್ಲಿ ವಿಚಾರಿಸಿ, ತಾಯಿಗೆ ಮನಸ್ಸಿನ ಕುಗ್ಗು ಇದ್ದರೆ ವೈದ್ಯರೊಡನೆ, ಮಗುವನ್ನು ನೋಡಿಕೊಳ್ಳುವವರಿಲ್ಲದಿದ್ದರೆ ಶಿಶುಪಾಲನಾ ಕೇಂದ್ರದೊಡನೆ, ಮನೆಯಲ್ಲಿ ಹಿಂಸೆಯಿದ್ದರೆ ರಕ್ಷಣೆ ಕೊಡುವವರೊಡನೆ ಆ ಕುಟುಂಬವನ್ನು ಗಂಟುಹಾಕಿ ಹಿಂದಿರುಗುವುದು ಅವಳ ಕೆಲಸ. ಡಾಜನ ಬಳಗದವರು ಇದನ್ನು ಪರೀಕ್ಷಿಸಿದ ಕ್ರಮ ಬಹಳ ಸರಳವೂ ಸುಂದರವೂ ಆದುದು. 2009ರ ಜುಲೈ 1ರಿಂದ 2010ರ ಡಿಸೆಂಬರ್ 31ರವರೆಗೆ ಕೌಂಟಿಯ ನಿವಾಸಿಗಳಿಗೆ ಹುಟ್ಟಿದ 4,777 ಮಕ್ಕಳಲ್ಲಿ, ತಿಂಗಳಿನ ಸಮಸಂಖ್ಯೆಯ ತಾರೀಖುಗಳಲ್ಲಿ ಹುಟ್ಟಿದವುಗಳ ಮನೆಗೆ ದಾದಿಯನ್ನು ಕಳುಹಿಸಿ, ಬೆಸಸಂಖ್ಯೆಯ ತಾರೀಖುಗಳ ಮಕ್ಕಳನ್ನು ಹೋಲಿಕೆಗೆ ಇಟ್ಟುಕೊಂಡರು. ಒಂದೊಂದು ಮಗುವಿನ ಪಾಲಿಗೆ ಈ ಕಾರ್ಯಕ್ರಮಕ್ಕೆ ತಗಲಿದ ವೆಚ್ಚ ಸುಮಾರು 700 ಡಾಲರು. ಒಂದು ವರ್ಷ ತುಂಬುವಷ್ಟರಲ್ಲಿ ಸಮಸಂಖ್ಯೆಯ ಮಕ್ಕಳು ತುರ್ತುಚಿಕಿತ್ಸೆಗಾಗಿ ಆಸ್ಪತ್ರೆಯನ್ನು ಆಶ್ರಯಿಸಿದುದು ಉಳಿದವರ ಅರ್ಧದಷ್ಟು ಮಾತ್ರ. ಐದು ವರ್ಷ ತುಂಬುವಷ್ಟರಲ್ಲಿ, ಮಕ್ಕಳ ರಕ್ಷಣಾಧಿಕಾರಿಗಳು ತನಿಖೆಗೆ ಬರಬೇಕಾದ ಪ್ರಸಂಗಗಳು ನೂರಕ್ಕೆ 39ರಷ್ಟು ಕಡಮೆ.

ಒಂದು ಭೇಟಿಗೆ ಇಷ್ಟು ಶಕ್ತಿಯೆಲ್ಲಿಂದ ಬಂದಿತೆಂದು ಆಶ್ಚರ್ಯಪಡುವವರು ಆ ದೇಶದ ಬಾಣಂತಿಯ ಸ್ಥಿತಿಯನ್ನು ನೆನೆಯಬೇಕು. 1993ರ ಕೇಂದ್ರ ಶಾಸನದ ಪ್ರಕಾರ ಅಲ್ಲಿಯ ತಾಯಿಗೆ ದೊರೆಯುವುದು ಹನ್ನೆರಡು ವಾರಗಳ ರಜೆ. ಅದೂ ಸಂಬಳವಿಲ್ಲದ್ದು, ಅದೂ ಎಲ್ಲರಿಗೂ ಸಲ್ಲುವಂಥದಲ್ಲ. ಹೆತ್ತು ಎರಡು ದಿನಕ್ಕೆ ಆಸ್ಪತ್ರೆಯಿಂದ ಬಿಡುಗಡೆ. ತಾಯಿಯೋ ಅತ್ತೆಯೋ ಎಷ್ಟೋ ಸಲ ಸಾವಿರ ಮೈಲಿ ದೂರ. ನಮ್ಮಲ್ಲಿ ತವರುಮನೆಯ ಬಾಣಂತನವು ಎಣ್ಣೆನೀರು, ಪಥ್ಯ, ಧೂಪ, ಎಳೆಗೂಸಿನ ಆರೈಕೆ ಇವುಗಳೊಂದಿಗೆ ಹೆಣ್ಣಿಗೆ ಕೊಡುತ್ತಿದ್ದ ಮುಖ್ಯವಾದ ವಸ್ತು ಜತೆ. ಮಧ್ಯರಾತ್ರಿಯಲ್ಲಿ ಕೂಸು ಹಾಲು ಕುಡಿಯದೆ ಚೀರಿದಾಗ, ಇದು ನನ್ನ ಮಕ್ಕಳಲ್ಲಿಯೂ ಕಂಡದ್ದೇ ಎಂದು ಹೇಳುವ ಒಬ್ಬ ಹಿರಿಯಳು. ಆ ಜತೆಯಿಲ್ಲದ ಸಮಾಜದಲ್ಲಿ ಅದರ ಒಂದಂಶವನ್ನಾದರೂ ಸರಕಾರದ ಕರ್ತವ್ಯವಾಗಿ ಸ್ವೀಕರಿಸಿದುದು ಈ ಕೌಂಟಿಗಳ ಹಿರಿಮೆಯೆಂದು ನಾನು ಭಾವಿಸುತ್ತೇನೆ. ನಮ್ಮ ಪಟ್ಟಣಗಳಲ್ಲಿಯೂ ತವರು ದೂರವಾಗಿ, ತಾಯಂದಿರು ತಾವೇ ನೌಕರಿಗೆ ಹೋಗುವವರಾಗಿ, ಆ ಜತೆ ಕರಗುತ್ತಿರುವುದನ್ನು ಕಾಣದವರಾರು?

ಹಣದ ಮಾತನ್ನು ಬಿಟ್ಟರೆ ಈ ಕಥೆ ಅಪೂರ್ಣ. ಕ್ಯಾಲಿಫೋರ್ನಿಯಾದ ಮತದಾರರು 1998ರಲ್ಲಿ ಒಂದೊಂದು ಸಿಗರೇಟು ಪೊಟ್ಟಣದ ಮೇಲೆ 50 ಸೆಂಟಿನ ತೆರಿಗೆಯನ್ನು ಹಾಕಿಕೊಂಡು, ಅದರ ನೂರಕ್ಕೆ ಎಂಬತ್ತು ಪಾಲನ್ನು 58 ಕೌಂಟಿಗಳಿಗೆ ಅಲ್ಲಲ್ಲಿಯ ಜನನಸಂಖ್ಯೆಗೆ ಅನುಗುಣವಾಗಿ ಹಂಚಿ, ಐದು ವರ್ಷದೊಳಗಿನ ಮಕ್ಕಳಿಗಾಗಿ ಮೀಸಲಿಟ್ಟರು. ಜನ ಸಿಗರೇಟು ಬಿಟ್ಟಷ್ಟೂ ಆ ಬೊಕ್ಕಸ ಬರಿದಾಗುತ್ತದೆಂಬುದು ಅದರ ತೊಡಕು. ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯವರು ಇನ್ನೂ ದೃಢವಾದ ನೆಲೆಯನ್ನು ಹುಡುಕಿದರು. ಸಿಯಾಟಲ್ ನಗರವಿರುವ ಈ ಶ್ರೀಮಂತ ಕೌಂಟಿಯಲ್ಲಿ ಒಂದು ಬಡಾವಣೆಗೂ ಇನ್ನೊಂದಕ್ಕೂ ಜನರ ಸರಾಸರಿ ಆಯುಷ್ಯದಲ್ಲಿ ಹತ್ತು ವರ್ಷಕ್ಕೂ ಮಿಗಿಲಾದ ಅಂತರವಿದ್ದಿತು. 2015ರ ನವೆಂಬರಿನಲ್ಲಿ ಅಲ್ಲಿಯ ಮತದಾರರು ಆಸ್ತಿಯ ಪ್ರತಿ ಸಾವಿರ ಡಾಲರು ಬೆಲೆಗೆ 14 ಸೆಂಟಿನಂತೆ ಆರು ವರ್ಷಗಳ ಕಾಲ ಹೆಚ್ಚಿನ ತೆರಿಗೆ ಕೊಡಲು ಸಮ್ಮತಿಸಿದರು. ನಾಲ್ಕು ಲಕ್ಷ ಡಾಲರಿನ ಮನೆಯುಳ್ಳವನು ವರ್ಷಕ್ಕೆ 56 ಡಾಲರು ಕೊಡಬೇಕಾದ ಲೆಕ್ಕ. ರೆಡ್ಮಂಡ್, ಬೆಲ್‌ವ್ಯೂಗಳಲ್ಲಿ ಮನೆಮಾಡಿರುವ ನಮ್ಮ ಕನ್ನಡದ ಇಂಜಿನಿಯರರ ಕುಟುಂಬಗಳೂ ಈ ತೆರಿಗೆಯನ್ನು ಕೊಡುವವರಲ್ಲಿ ಸೇರಿವೆ. ಹಾಗೆ ಕೂಡಿದ ಧನದ ಅರ್ಧ ಗರ್ಭಸ್ಥ ಶಿಶುವಿನಿಂದ ಹಿಡಿದು ಐದು ವರ್ಷದೊಳಗಿನ ಮಕ್ಕಳಿಗೆ, ನೂರಕ್ಕೆ 35 ಅದರ ಮೇಲಿನ ಮಕ್ಕಳಿಗೂ ತರುಣರಿಗೂ ಮೀಸಲಾಯಿತು. ಈ ಹಂಚಿಕೆಗೆ ಮುನ್ನವೇ ಒಂದು ಮೊತ್ತವನ್ನು ತೆಗೆದಿಟ್ಟು, ಮನೆ ಕಳೆದುಕೊಳ್ಳುವ ಅಂಚಿನಲ್ಲಿರುವ ಕುಟುಂಬಗಳಿಗೆ ಬಾಡಿಗೆಯ ಬಾಕಿ ತೀರಿಸುವುದೇ ಮೊದಲಾದ ನೆರವನ್ನು ಒದಗಿಸಿದರು. ಬೀದಿಗೆ ಬಿದ್ದ ಕುಟುಂಬವನ್ನು ಮತ್ತೆ ಸೂರಿನಡಿಗೆ ತರುವುದಕ್ಕಿಂತ ಬೀಳದಂತೆ ಹಿಡಿಯುವುದು ಸುಲಭ ಎಂಬ ತಿಳಿವಿನಿಂದ. 2021ರಲ್ಲಿ ಅವಧಿ ಮುಗಿಯುತ್ತ ಬಂದಾಗ ಮತದಾರರು ತೆರಿಗೆಯನ್ನು 19 ಸೆಂಟಿಗೆ ಏರಿಸಿ ಮುಂದುವರಿಸಿದರು. ತಮ್ಮ ತೆರಿಗೆಯನ್ನು ತಾವೇ ಏರಿಸಿಕೊಂಡ ಆ ಮತದಾನಕ್ಕಿಂತ ಗಟ್ಟಿಯಾದ ಪ್ರಶಂಸಾಪತ್ರ ಯಾವ ಕಾರ್ಯಕ್ರಮಕ್ಕೆ ದೊರೆತೀತು?

ಮೇಲಿನದೆಲ್ಲ ಸುಖಾಂತವಾದ ಕಥೆಯೆಂದು ಓದುಗರು ತಿಳಿಯಬಾರದು. ಎಲ್ಮೈರಾದಲ್ಲಿಯೇ ಪ್ರಯೋಗದ ಹಣ ಮುಗಿದು ಕಾರ್ಯಕ್ರಮವು ಆರೋಗ್ಯ ಇಲಾಖೆಯ ಕೈಗೆ ಬಂದಾಗ, ಒಬ್ಬೊಬ್ಬ ದಾದಿಯ ಪಾಲಿನ ಮನೆಗಳ ಸಂಖ್ಯೆಯನ್ನು ಏರಿಸಿ, ಭೇಟಿಗಳನ್ನು ತೆಳುವಾಗಿಸಿದರು. ನೊಂದ ದಾದಿಯರು ಕೆಲಸ ಬಿಟ್ಟರು. ಹೆಸರು ಉಳಿದು ತಿರುಳು ಹೋಗುವುದೆಂದರೆ ಇದು. ಈ ಪಾಠವನ್ನು ಕಲಿತೇ ಮುಂದೆ ಒಬ್ಬ ದಾದಿಗೆ ಇಪ್ಪತ್ತೈದರ ಆಸುಪಾಸಿನ ಕುಟುಂಬಗಳೆಂದು ಮಿತಿ ಹಾಕಿಕೊಂಡರು.

ಆ ಮಿತಿಯ ಮಾತು ನಮಗೆ ನಾಟಬೇಕಾದುದು. ನಮ್ಮಲ್ಲಿ ಮನೆಬಾಗಿಲಿಗೆ ಹೋಗುವವಳು ಇಲ್ಲದಿಲ್ಲ. ಆಶಾ ಕಾರ್ಯಕರ್ತೆ ಇದ್ದಾಳೆ. 2011ರಿಂದ ಜಾರಿಯಲ್ಲಿರುವ ಕ್ರಮದಂತೆ, ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ಮೂರನೆಯ, ಏಳನೆಯ, ಹದಿನಾಲ್ಕನೆಯ, ಇಪ್ಪತ್ತೊಂದನೆಯ, ಇಪ್ಪತ್ತೆಂಟನೆಯ ಮತ್ತು ನಲವತ್ತೆರಡನೆಯ ದಿನ ಅವಳು ಮನೆಗೇ ಹೋಗಿ ನೋಡತಕ್ಕದ್ದು. 2018ರಿಂದ ಮೂರನೆಯ ತಿಂಗಳಿನಿಂದ ಹದಿನೈದನೆಯ ತಿಂಗಳವರೆಗೆ ಇನ್ನೈದು ಭೇಟಿಗಳು ಅದಕ್ಕೆ ಸೇರಿವೆ. ಕಾಗದದ ಮೇಲೆ ಇದು ಡರ್ಹ್ಯಾಮಿನ ಕ್ರಮಕ್ಕಿಂತ ಉದಾರವಾದುದು. ಆದರೆ ಅವಳ ಹೊಣೆಗೆ ಸುಮಾರು ಸಾವಿರ ಜನಸಂಖ್ಯೆ. ಅವಳ ಕೈಯಲ್ಲಿ ಸಮೀಕ್ಷೆಗಳ ಮೇಲೆ ಸಮೀಕ್ಷೆ. ಅವಳಿಗೆ ಸಲ್ಲುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಅದೂ ಸಕಾಲಕ್ಕೆ ಬರಲೆಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂರಬೇಕಾಗಿ ಬಂದಿದೆ. ಗಂಟೆಗಟ್ಟಲೆ ಕುಳಿತು ಬಾಣಂತಿಯ ಮಾತು ಕೇಳುವ ಅವಕಾಶ ಅವಳಿಗೆಲ್ಲಿಯದು?

ಅಂದಿನ ಸಚಿವ ನಜೀರ್ ಸಾಬರ ಪ್ರಯತ್ನದಿಂದ 1987ರಲ್ಲಿ ಚುನಾಯಿತ ಜಿಲ್ಲಾ ಪರಿಷತ್ತುಗಳನ್ನು ಪಡೆದ ನಾಡು ನಮ್ಮದು. ಜಿಲ್ಲೆಯ ಬಾಳನ್ನು ಜಿಲ್ಲೆಯವರೇ ತಿದ್ದಿಕೊಳ್ಳಬಹುದೆಂಬ ನಂಬಿಕೆ ನಮಗೆ ಪರಕೀಯವಲ್ಲ. ಜಿಲ್ಲಾ ಪಂಚಾಯತಿಯ ಹೊಣೆ ಹೊತ್ತವರು ರಸ್ತೆ ಚರಂಡಿಗಳ ಲೆಕ್ಕದೊಂದಿಗೆ, ತಮ್ಮ ಜಿಲ್ಲೆಯಲ್ಲಿ ಈ ತಿಂಗಳು ಹುಟ್ಟಿದ ಕೂಸುಗಳೆಷ್ಟು, ಅವುಗಳಲ್ಲಿ ನಲವತ್ತೆರಡು ದಿನದೊಳಗಿನ ಆರು ಭೇಟಿಗಳೂ ಸಂದಿರುವುದು ಎಷ್ಟಕ್ಕೆ, ಒಂದೊಂದು ಭೇಟಿಗೆ ಆಶಾಳಿಗೆ ಎಷ್ಟು ಹೊತ್ತು ದೊರೆಯಿತು ಎಂಬುದನ್ನು ಪ್ರತಿ ಸಭೆಯಲ್ಲಿಯೂ ಕೇಳಲಿ. ಓದುಗರಲ್ಲಿಯೂ ನನ್ನದೊಂದು ಬಿನ್ನಹವಿದೆ. ನಿಮ್ಮ ಮನೆಯ ಬಾಣಂತಿಯನ್ನು ನೋಡಲು ಆಶಾ ಬಂದಾಗ ಬಾಗಿಲಲ್ಲಿಯೇ ಸಹಿ ಹಾಕಿ ಕಳುಹಿಸಿಬಿಡಬೇಡಿ. ಒಳಗೆ ಕರೆದು ಕೂರಿಸಿ, ಕೂಸನ್ನು ಅವಳ ತೊಡೆಯ ಮೇಲಿಡಿ, ಮತ್ತು ತಾಯಿಯೊಡನೆ ಅವಳು ಮಾತನಾಡುವಷ್ಟು ಹೊತ್ತು ಗಂಡಸರು ಹಜಾರದಲ್ಲಿ ಕಾದಿರಿ.